ಮೀಸೆ ಒಂದು, ಬಾಕಿ

ಗಾಂಧಿ ಬಜಾರಿನ ನಮ್ಮ ಅಂಗಡಿಯಲ್ಲಿ
ಸಿಂಹಾಸನಕ್ಕೆ ದಿನಕ್ಕೆ ನಾಲ್ಕು ರೂಪಾಯಿ, ಗದೆಗೆ ಎಂಟಾಣೆ,
ರಾಜನ ಅಂಗಿಗೆ ಒಂದೂವರೆ, ಬೆವರಿನ ಕಲೆಗೆ ಬೇರೆ.
ಅಪ್ಪ ಅಳತೆ ಕೂಗುತ್ತಿದ್ದರು, ನಾನು ಬರೆದುಕೊಳ್ಳುತ್ತಿದ್ದೆ.
ಹಾಗೆ ಬರೆದದ್ದು, ಎಪ್ಪತ್ತಮೂರನೇ ಇಸವಿ, ಹದಿನಾರನೇ ಪುಟ:
ಹುಚ್ಚರಾಯಪ್ಪ, ಶಿಕಾರಿಪುರ. ಎದೆ ಮೂವತ್ತು. ತೋಳು ಇಪ್ಪತ್ತನಾಲ್ಕು.
ದೂತನ ಪಾರ್ಟು.
ಮೀಸೆ ಒಂದು, ದಿನಕ್ಕೆ ನಾಲ್ಕಾಣೆ.

ದೂತನಿಗೆ ಇದ್ದದ್ದು ಒಂದೇ ಮಾತು:
"ಪ್ರಭೂ, ಕೋಟೆಯ ಬಾಗಿಲು ಮುರಿಯಿತು."
ಅಷ್ಟಕ್ಕೇ ನಮ್ಮ ಕನ್ನಡಿಯ ಮುಂದೆ
ಒಂದು ಮಧ್ಯಾಹ್ನ ಪೂರ್ತಿ ನಿಂತ.
ಓಡಿ ಬಂದವನ ಉಸಿರು ಬೇಕೆಂದು
ಬಸ್ ಸ್ಟ್ಯಾಂಡಿನವರೆಗೂ ಓಡಿ, ತಿರುಗಿ ಓಡಿ ಬಂದು ಹೇಳಿದ.
ಅಪ್ಪ ಹಲ್ಲಲ್ಲಿ ಕಚ್ಚಿದ್ದ ಗುಂಡುಸೂಜಿ ತೆಗೆದು
"ಇವನಿಗೆ ಹೆಸರು ಸರಿಯಾಗಿಯೇ ಇಟ್ಟಿದ್ದಾರೆ" ಅಂದರು.

ಆಮೇಲಿನದ್ದೆಲ್ಲ ಪುಸ್ತಕದಲ್ಲಿದೆ.
ಎದೆ ಮೂವತ್ತೆರಡು, ಸೇನಾಧಿಪತಿ. ಮೂವತ್ತನಾಲ್ಕು, ಕುರುಡ ಅರಸ.
ಒಂದು ವರ್ಷ ರಾಣಿ, ದಾವಣಗೆರೆಯ ನಟಿಗೆ ಜ್ವರ ಬಂದು;
ಕುಪ್ಪಸ ನಾನೇ ಹೊಲಿದೆ. ಅವನು ನಾಚಲಿಲ್ಲ,
ನಾಚಿದ್ದು ಟೇಪು ಹಿಡಿದ ನಾನು.
ಭದ್ರಾವತಿಯ ಕಾರ್ಖಾನೆ ಮೈದಾನದಲ್ಲಿ ಆ ರಾಣಿ ಅತ್ತಾಗ
ರಾತ್ರಿ ಪಾಳಿಗೆ ಹೊರಟವರು
ಪೆಡಲಿನ ಮೇಲೊಂದು ಕಾಲು, ನೆಲದ ಮೇಲೊಂದು ಕಾಲು,
ಸೈರನ್ ಕೂಗಿದರೂ ಹಾಗೇ ನಿಂತಿದ್ದರಂತೆ.
ಆ ಕುಪ್ಪಸಕ್ಕೆ ಬಾಡಿಗೆ ಬರೆದಿಲ್ಲ. ಅಪ್ಪ ಕೇಳಲಿಲ್ಲ.

ಸಿನಿಮಾದವರು ಕರೆದರು.
ಹೆಸರಿನಿಂದ ಹುಚ್ಚು ಕತ್ತರಿಸಿ, ಬಾಲ ಕತ್ತರಿಸಿ,
ಬರೀ ರಾಯ್ ಅಂತ ಉಳಿಸಿಕೊಂಡರು.
ಅಂಚು ಮಡಿಸದೆ ಕತ್ತರಿಸಿದ್ದು ನೂಲು ಬಿಡುತ್ತದೆ,
ನಮ್ಮ ಕಸುಬಿನವರಿಗೆ ಗೊತ್ತು.
ಮೊದಲನೇ ಪಿಕ್ಚರು, ಹೆಂಗಸರ ಬೆಂಚಿನಲ್ಲಿ ನಾನು.
ಕಳ್ಳಸಾಗಣೆಯವನ ಬಂಟ, ಸುಮ್ಮನೆ ಬಾಗಿಲಲ್ಲಿ ನಿಲ್ಲುವವ,
ಮುಖ ತಿರುಗಿಸಿದ. ಬಲಗಡೆ ತುದಿಯಲ್ಲಿ
ಇಲಿ ಕಡಿದ ಜಾಗಕ್ಕೆ ನಾನು ಅಂಟಿಸಿದ ಮೂರು ಕೂದಲು!
"ನಮ್ಮ ಮೀಸೆ!" ಎಂದು ಎದ್ದು ನಿಂತೇಬಿಟ್ಟೆ.
ಹಿಂದಿನವರು ಸೆರಗು ಜಗ್ಗಿ ಕೂರಿಸಿದರು.

ಹದಿನೇಳು ಸಲ ಇನ್ಸ್‌ಪೆಕ್ಟರು, ಒಂಬತ್ತು ಸಲ ಜಡ್ಜು,
ಎಷ್ಟೋ ಸಲ ಇಂಟರ್‌ವಲ್ಲಿಗೆ ಮುಂಚೆಯೇ ಸತ್ತ.
ಒಂದೇ ಒಂದು ಚಿತ್ರದಲ್ಲಿ ಮಾತೇ ಇಲ್ಲ,
ದೋಣಿಯವ, ಹೊಳೆ ದಾಟಿಸುತ್ತಾನೆ, ಅಷ್ಟೇ.
ಅದಕ್ಕೆ ದಿಲ್ಲಿಯ ಪದಕ.
ಪೇಪರಿನವರು ಆ ಮೌನವನ್ನು ಹೊಗಳಿದರು.
ನನಗೆ ಕಂಡದ್ದು ಉಸಿರು,
ಬಸ್ ಸ್ಟ್ಯಾಂಡಿನಿಂದ ಓಡಿ ಬಂದದ್ದು.

ಮೊನ್ನೆ ಬಂದ. ಕಾರು ಬಜಾರಿನೊಳಗೆ ನುಗ್ಗದೆ, ನಡೆದು.
ಅಂಗಡಿಯಲ್ಲೀಗ ಶಾಲೆಯ ಮಕ್ಕಳಿಗೆ
ಬದನೆಕಾಯಿ ವೇಷ, ಟೊಮೆಟೊ ವೇಷ.
ಅವುಗಳ ನಡುವೆ ಸ್ಟೂಲೆಳೆದು ಕೂತು
"ಹಳೇ ಹುಡುಗರೆಲ್ಲ ಸೇರಿ ಆಡ್ತಿದ್ದೇವೆ, ರುಕ್ಕೂಬಾಯಿ" ಅಂದ.
ಯಾವ ಪಾರ್ಟು?
"ಕೇಳಿ ಇಸ್ಕೊಂಡಿದ್ದು. ದೂತ."

ಅಳತೆ ನಾನೇ ಕೂಗಿದೆ, ನಾನೇ ಬರೆದೆ.
ನಲವತ್ತೆರಡಕ್ಕೆ ಏರಿದ್ದ ಎದೆ ಮೂವತ್ತನಾಲ್ಕಕ್ಕೆ ಇಳಿದಿದೆ.
ನಡುವೆ ಉದ್ದಕ್ಕೆ ಆಸ್ಪತ್ರೆಯವರ ಹೊಲಿಗೆ,
ದೊಡ್ಡ ದೊಡ್ಡ ಟಾಕ. ಅವಸರದ ಕೈ.
ಕಣ್ಣು ತಪ್ಪಿಸಲು ಹದಿನಾರನೇ ಪುಟ ತೆಗೆದು
ಐವತ್ತು ವರ್ಷದ ಬಾಡಿಗೆ ಕೂಡಿಸಿದೆ:
ನಾಲ್ಕು ಸಾವಿರದ ಐನೂರ ಅರವತ್ತು, ಚಿಲ್ಲರೆ.
"ಮದ್ರಾಸಿನ ಲಾಡ್ಜಲ್ಲಿ ಸೋಪಿನ ಡಬ್ಬಿಯೊಳಗಿಟ್ಟಿದ್ದೆ,
ಕಂಬಳಿಹುಳ ಅಂತ ಗುಡಿಸಿ ಎಸೆದರು" ಎಂದು ಪರ್ಸು ತೆಗೆದ.
ಪುಸ್ತಕ ಮುಚ್ಚಿದೆ.
ತೀರಿಸಿದರೆ ಆ ಸಾಲಿಗೆ ಗೀಟು ಎಳೆಯಬೇಕಾಗುತ್ತದೆ.

ಕನ್ನಡಿಯ ಮುಂದೆ ನಿಂತು ಒಮ್ಮೆ ಹೇಳಿದ: "ಪ್ರಭೂ..."
ತಲೆ ಆಡಿಸಿದ. ಸರಿ ಬರಲಿಲ್ಲ.
ಚಪ್ಪಲಿ ಬಿಟ್ಟು, ಪಂಚೆ ಎತ್ತಿ ಕಟ್ಟಿ
ಮೆಟ್ಟಿಲಿಳಿದು ಬಸ್ ಸ್ಟ್ಯಾಂಡಿನ ಕಡೆ ನೋಡಿದ.
ಬೇಡ ಅನ್ನಬೇಕು,
ನನ್ನ ಬಾಯಿ ತುಂಬ ಗುಂಡುಸೂಜಿ.